ಸುದ್ದಿ ಕೇಳಿದ ಮೇಲೆ

ತಾಯಿ ಚಾಮುಂಡಿ,

ನಿನ್ನ ಬೆಟ್ಟ ಕಾಣುವ ಊರಿನಲ್ಲಿ ಓದಿದ ಒಂದಷ್ಟು ಜನರ ಪರವಾಗಿ ನಿನ್ನ ಮುಂದೆ ನಿಂತಿದ್ದೇನೆ. 1973ರಲ್ಲಿ ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ.ಗೆ ಸೇರಿ, 1975ರಲ್ಲಿ ಪರೀಕ್ಷೆ ಮುಗಿಸಿ ದಿಕ್ಕಿಗೊಬ್ಬರಾಗಿ ಹೊರಟವರು ನಾವು. ಈಗ ಎಲ್ಲರೂ ಎಪ್ಪತ್ತು ದಾಟಿದ್ದೇವೆ. ನಮ್ಮಲ್ಲಿ ಆಷಾಢ ಶುಕ್ರವಾರ ತಪ್ಪಿಸದವರಿದ್ದಾರೆ, ಐದು ಹೊತ್ತು ನಮಾಜು ಮಾಡುವವರಿದ್ದಾರೆ, ಆ ಕಾಲದಲ್ಲಿ ಲೋಹಿಯಾರನ್ನು ಓದಿ ದೇವರಿಗೆ ಕೈಮುಗಿಯುವುದನ್ನು ಬಿಟ್ಟು ಇವತ್ತಿಗೂ ಆ ಮಾತಿಗೆ ನಿಂತವರಿದ್ದಾರೆ. ಕೇಳದವರ ಪಾಲನ್ನೂ ನಾನೇ ಕೇಳುತ್ತೇನೆ. ಯಾವ ಮಗು ಕೇಳಿತು, ಯಾವುದು ಕೇಳಲಿಲ್ಲ ಎಂದು ನೋಡಿ ಬಡಿಸುವವಳು ನೀನಲ್ಲ ಎಂಬ ನಂಬಿಕೆ ನನಗಿದೆ.

ಯಾರಿಗೆ ಎಷ್ಟು ಆಯುಷ್ಯ ಎಂಬುದು ನಿನ್ನ ಲೆಕ್ಕ. ಅದರಲ್ಲಿ ನಾನು ಕೈಹಾಕುವುದಿಲ್ಲ. ಸಹಪಾಠಿಗಳ ಸುದ್ದಿ ಈಗ ಬೇಡವೆಂದರೂ ಬರುತ್ತದೆ, ಒಂದರ ಹಿಂದೆ ಒಂದು. ಬಂದ ಸುದ್ದಿ ನನ್ನ ಬಾಯಲ್ಲಿ 'ಅಯ್ಯೋ ಪಾಪ' ಆಗಿ ಮುಗಿಯದಿರಲಿ. ಕೇಳಿಸಿಕೊಂಡ ಮೇಲೆ ನನ್ನ ಪಾಲಿಗೊಂದು ಕೆಲಸ ಬಿದ್ದಿದೆ ಎಂಬ ಎಚ್ಚರ ಇರಲಿ. ಆ ಕೆಲಸ ಯಾವುದೆಂದು ಕಣ್ಣಿಗೆ ಕಾಣಲಿ. ಅದನ್ನು ಮಾಡುವಷ್ಟು ತ್ರಾಣ ಮೈಯಲ್ಲಿ ಉಳಿದಿರಲಿ. ನನ್ನ ನಿವೇದನೆ ಇಷ್ಟು. ಬೇಡುವ ಮುಂಚೆ ಕೊಟ್ಟದ್ದನ್ನು ನೆನೆಯಬೇಕು. ಅದನ್ನು ಮೊದಲು ಮಾಡುತ್ತೇನೆ.

ನಮಗೆ ನೀನು ಕೊಟ್ಟ ಎರಡು ವರ್ಷ ಸಣ್ಣ ಕೊಡುಗೆಯಲ್ಲ. ಕುವೆಂಪು ಕುಲಪತಿಗಳಾಗಿದ್ದಾಗ ಹೆಸರಿಟ್ಟು 1960ರಲ್ಲಿ ಶುರುಮಾಡಿದ ಗಂಗೋತ್ರಿ ಆಗಿನ್ನೂ ಎಳೆಯದು. ನಾವು ಸೇರಿದಾಗ ದೇ. ಜವರೇಗೌಡರು ಕುಲಪತಿ, ಕನ್ನಡ ಅಧ್ಯಯನ ಸಂಸ್ಥೆಗೆ ಹಾ.ಮಾ. ನಾಯಕರು ನಿರ್ದೇಶಕರು. ನೀಲಗಾರರೂ ದೇವರಗುಡ್ಡರೂ ಹಾಡುವುದನ್ನು ಕಾವ್ಯವೆಂದು ಓದಲು ಜೀ.ಶಂ. ಪರಮಶಿವಯ್ಯನವರಂಥವರು ಕಲಿಸುತ್ತಿದ್ದ ಕಾಲ ಅದು. ಒಂದು ಕಡೆ ಕನ್ನಡ ವಿಶ್ವಕೋಶದ ಸಂಪುಟಗಳು ಸಿದ್ಧವಾಗುತ್ತಿದ್ದವು. ಇನ್ನೊಂದು ಕಡೆ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಸಂಪುಟಗಳು 1972ರಿಂದ ಹೊರಬರತೊಡಗಿದ್ದವು; ನಾವು ಸೇರಿದ ವರ್ಷ ಶ್ರವಣಬೆಳಗೊಳದ ಶಾಸನಗಳ ಸಂಪುಟ ಬಂತು. ಅದೇ ವರ್ಷ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಆ ವರ್ಷದ ಜ್ಞಾನಪೀಠ ಬೇಂದ್ರೆಯವರ 'ನಾಕುತಂತಿ'ಗೆ ಸಂದಿತು. ಕನ್ನಡ ಓದಿದರೆ ಹೊಟ್ಟೆ ತುಂಬುತ್ತದೆಯೇ ಎಂದು ಊರಿನಲ್ಲಿ ಕೇಳಿಸಿಕೊಂಡು ಬಂದ ನಮಗೆ, ನಾವು ದೊಡ್ಡದೊಂದರ ಒಳಗಿದ್ದೇವೆ ಎನ್ನಿಸುವಂತೆ ಮಾಡಿದೆ.

ಕ್ಲಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮನೆಯಲ್ಲಿ ಅವರ ಮುಂಚೆ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ರಾಗಿ ಮಾರಿ ಫೀಜು ಕಟ್ಟಿದ ಅಪ್ಪಂದಿರು, ತಾಳಿಯ ಗುಂಡು ಒತ್ತೆಯಿಟ್ಟ ಅವ್ವಂದಿರು ಆ ಬೆಂಚುಗಳ ಹಿಂದೆ ನಿಂತಿದ್ದರು. ಹೆಣ್ಣುಮಕ್ಕಳು ನಾವು ಮುಂದಿನ ಎರಡು ಬೆಂಚುಗಳಲ್ಲಿ ಕೂರುತ್ತಿದ್ದೆವು. ಹುಡುಗರು ನಮ್ಮನ್ನು 'ಏನ್ರೀ' ಎಂದು ಮಾತಾಡಿಸುತ್ತಿದ್ದರು. ಇವತ್ತು ಫೋನು ಮಾಡಿದರೂ 'ಏನ್ರೀ, ಹೇಗಿದ್ದೀರಿ' ಎಂದೇ ಶುರು. ಆ ಮರ್ಯಾದೆಯೂ ಆ ಸಲುಗೆಯೂ ಇಷ್ಟು ಕಾಲ ಕೆಡದೆ ಉಳಿದದ್ದಕ್ಕೆ ನಿನಗೆ ಶರಣು.

ಮೊದಮೊದಲು ನಮ್ಮ ಸುದ್ದಿಗಳೆಲ್ಲ ಕೂಡುವ ಸುದ್ದಿಗಳು. ಒಬ್ಬರಿಗೆ ಜೂನಿಯರ್ ಕಾಲೇಜಿನಲ್ಲಿ ಕೆಲಸ ಸಿಕ್ಕಿತಂತೆ, ಇನ್ನೊಬ್ಬರು ಬ್ಯಾಂಕಿನ ಪರೀಕ್ಷೆ ಪಾಸಾದರಂತೆ, ಮತ್ತೊಬ್ಬರಿಗೆ ಆಕಾಶವಾಣಿಯಂತೆ. ಆಮೇಲೆ ಮದುವೆಯ ಕರೆಯೋಲೆಗಳು, ನಾಮಕರಣ, ವರ್ಗಾವಣೆ, ಸೈಟು, ಗೃಹಪ್ರವೇಶ. 2008ರಲ್ಲಿ ರಾಜ್ಯ ಸರ್ಕಾರ ನಿವೃತ್ತಿಯ ವಯಸ್ಸನ್ನು 58ರಿಂದ 60ಕ್ಕೆ ಏರಿಸಿದಾಗ ಸರ್ಕಾರಿ ಕೆಲಸದಲ್ಲಿದ್ದವರಿಗೆಲ್ಲ ಎರಡು ವರ್ಷ ಹೆಚ್ಚಿಗೆ ಸಿಕ್ಕಿತು. ಹಾಗಾಗಿ 2010ರಿಂದ 2013ರ ನಡುವೆ ಹಾರ, ಶಾಲು, ಫಲತಾಂಬೂಲ ಹಿಡಿದುಕೊಂಡು ಬಹುತೇಕ ಎಲ್ಲರೂ ಮನೆಗೆ ಬಂದರು. ಅಲ್ಲಿಂದ ಮುಂದೆ ಸುದ್ದಿಯ ಜಾತಿ ಬದಲಾಯಿತು. ಮಂಡಿ ಬದಲಿಸಿದರು, ಕಣ್ಣಿನ ಪೊರೆ ತೆಗೆಸಿದರು, ಎದೆಗೆ ಸ್ಟೆಂಟ್ ಹಾಕಿಸಿದರು, ಬಚ್ಚಲಲ್ಲಿ ಕಾಲು ಜಾರಿ ಸೊಂಟದ ಮೂಳೆ ಮುರಿಯಿತು, ಊರಿನ ಮನೆ ಮಾರಿ ಬೆಂಗಳೂರಿನಲ್ಲಿ ಮಗನ ಫ್ಲ್ಯಾಟಿಗೆ ಹೋದರು.

ಇವನ್ನೆಲ್ಲ ಕೊರಗಿನಿಂದ ಹೇಳುತ್ತಿಲ್ಲ ತಾಯಿ. ನಮ್ಮ ಅಪ್ಪ ಅವ್ವಂದಿರಲ್ಲಿ ಬಹಳ ಜನ ಈ ವಯಸ್ಸನ್ನೇ ಕಾಣಲಿಲ್ಲ. ಪೊರೆ ಬಂದ ಕಣ್ಣಿನಲ್ಲೇ ಅವರ ಕೊನೆಯ ವರ್ಷಗಳು ಹೋದವು. ನಮಗೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವ ಆಪರೇಷನ್ನಿನಲ್ಲಿ ಕಣ್ಣು ಮರಳಿ ಸಿಗುತ್ತದೆ. ದೀರ್ಘಾಯುಷ್ಯ ಸಿಕ್ಕಿದೆ. ಅದನ್ನು ಒಬ್ಬರಿಗೊಬ್ಬರು ಆಗುವ ಹಾಗೆ ಕಳೆಯುವ ಬುದ್ಧಿಯನ್ನೂ ಜೊತೆಗೆ ಕೊಡು ಎನ್ನುವುದಕ್ಕಾಗಿ ಈ ಪಟ್ಟಿ.

ನವೆಂಬರ್ ಬಂದರೆ ಸರ್ಕಾರಿ ಪಿಂಚಣಿದಾರರೆಲ್ಲ ತಾವು ಬದುಕಿದ್ದೇವೆ ಎಂದು ಬರೆದುಕೊಡಬೇಕು. ಮೊದಲು ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಂತು ಸಹಿ ಹಾಕಬೇಕಿತ್ತು. 2014ರಲ್ಲಿ ಜೀವನ್ ಪ್ರಮಾಣ್ ಬಂದ ಮೇಲೆ ಆಧಾರ್ ಇದ್ದರೆ ಬೆರಳಚ್ಚು ಒತ್ತಿ ಮುಗಿಸಬಹುದು. 70 ರೂಪಾಯಿ ಕೊಟ್ಟರೆ ಅಂಚೆಯವರೇ ಯಂತ್ರ ಹಿಡಿದು ಮನೆಗೆ ಬರುತ್ತಾರೆ. ನಮ್ಮ ಸಹಪಾಠಿಯೊಬ್ಬರು ತಿಪಟೂರಿನ ಕಡೆ ಪ್ರಿನ್ಸಿಪಾಲರಾಗಿ ನಿವೃತ್ತರಾದವರು. ಅವರ ಮನೆಗೂ ಹೀಗೆಯೇ ಬಂದರು. ಹೆಬ್ಬೆಟ್ಟು ಒತ್ತಿದರು, ಹಿಡಿಯಲಿಲ್ಲ. ತೋರುಬೆರಳು ಒತ್ತಿದರು, ಇಲ್ಲ. ಕೈತೊಳೆದು ಒರೆಸಿಕೊಂಡರು, ಬೆರಳ ತುದಿಗೆ ಒಂದು ತೊಟ್ಟು ಎಣ್ಣೆ ಸವರಿದರು; ಹತ್ತೂ ಬೆರಳು ಮುಗಿದವು, ಯಂತ್ರ ಒಪ್ಪಲಿಲ್ಲ. ಮೂವತ್ತೈದು ವರ್ಷ ಸೀಮೆಸುಣ್ಣ ಹಿಡಿದ ಬೆರಳು, ವಯಸ್ಸಿಗೆ ಚರ್ಮ ತೆಳುವಾಗಿ ಗೆರೆ ಮಾಸಿದೆ. 'ನಾನು ಇರುವುದಕ್ಕೆ ಸಾಕ್ಷಿಯೇ ಇಲ್ಲ ಕಣ್ರೀ' ಎಂದು ಆ ಸಂಜೆ ಫೋನು ಮಾಡಿದರು, ದನಿಯಲ್ಲಿ ನಡುಕವಿತ್ತು.

ಆ ಸುದ್ದಿಗೂ ಒಂದು ಕೆಲಸವಿತ್ತು. ಮುಖ ನೋಡಿಯೇ ಗುರುತು ಹಿಡಿಯುವ ಏರ್ಪಾಡು 2021ರಿಂದ ಇದೆ. ಬೆರಳು ಬೇಡ, ಮೊಬೈಲ್ ಸಾಕು. ಅದನ್ನು ಅವರಿಗೆ ಹೇಳಲು ಯಾರಾದರೂ ಬೇಕಿತ್ತು. ತುಮಕೂರಿನಲ್ಲಿರುವ ಇನ್ನೊಬ್ಬ ಸಹಪಾಠಿ ಮಾರನೆಯ ದಿನ ಮೊಮ್ಮಗನನ್ನು ಕರೆದುಕೊಂಡು ಹೋದರು. ಹುಡುಗ ಫೋನು ಹಿಡಿದು 'ಕಣ್ಣು ಮಿಟುಕಿಸಿ ತಾತ' ಎಂದ. ಮಿಟುಕಿಸಿದರು. ಪ್ರಮಾಣಪತ್ರ ಬಂತು. ತಾಯಿ, ಆ ಮೊಮ್ಮಗನಿಗೆ ಒಳ್ಳೆಯದಾಗಲಿ. ನಮ್ಮಲ್ಲಿ ತಿಳಿದವರಿಗೆ ತಿಳಿಯದವರ ಮನೆಯ ದಾರಿ ತೋರಿಸುತ್ತಿರು.

ಎಲ್ಲರಿಗೂ ನವೆಂಬರಿನ ಈ ಕಷ್ಟವಾದರೂ ಇರಬೇಕಲ್ಲ. ಸರ್ಕಾರಿ ಪಿಂಚಣಿ ಇಲ್ಲದವರೂ ನಮ್ಮ ಜೊತೆ ಇದ್ದಾರೆ. ಒಂದೇ ಬೆಂಚಿನಲ್ಲಿ ಕೂತು ಒಂದೇ ನೋಟ್ಸು ಬರೆದುಕೊಂಡ ಇಬ್ಬರ ವಿಷಯ ನಿನಗೆ ಗೊತ್ತು. ಒಬ್ಬರಿಗೆ ಸರ್ಕಾರಿ ಕಾಲೇಜು ಸಿಕ್ಕಿತು. ಇನ್ನೊಬ್ಬರು ಅನುದಾನವಿಲ್ಲದ ಖಾಸಗಿ ಕಾಲೇಜಿನಲ್ಲಿ ಇವತ್ತು ಅನುದಾನ ಬಂದೀತು, ನಾಳೆ ಬಂದೀತು ಎಂದು ಕಾಯುತ್ತಲೇ ತಲೆ ನರೆಸಿಕೊಂಡರು. ಮೊದಲನೆಯವರಿಗೆ ಕೊನೆಯ ಸಂಬಳದ ಅರ್ಧದಷ್ಟು ಪಿಂಚಣಿ ಬರುತ್ತದೆ, ಮೇಲೆ ತುಟ್ಟಿಭತ್ಯೆ. ನಿವೃತ್ತಿಯಾದಾಗ ಪಿಂಚಣಿಯ ಒಂದು ಭಾಗವನ್ನು ಗಂಟಾಗಿ ಪಡೆದಿದ್ದರಲ್ಲ, ಹದಿನೈದು ವರ್ಷ ತುಂಬಿದ ಮೇಲೆ ಆ ಭಾಗವೂ ಮರಳಿ ಸೇರುತ್ತದೆ. 2012ರಲ್ಲಿ ಬಿಟ್ಟವರಿಗೆ 2027ರಲ್ಲಿ. ಎರಡನೆಯವರಿಗೆ ಭವಿಷ್ಯನಿಧಿಯ ಪಿಂಚಣಿ. ಅದರ ಕನಿಷ್ಠ ಮೊತ್ತವನ್ನು 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ಗೊತ್ತುಮಾಡಿದರು. ಅವರಿಗೆ ಬರುವುದು ಅದಕ್ಕಿಂತ ಬಹಳ ಹೆಚ್ಚೇನಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಗೇ ಅದು ಸಾಲದು.

ಇಬ್ಬರೂ ಪಾಠ ಮಾಡಿದ್ದು ಅದೇ ಪಂಪನನ್ನು, ಅದೇ ವಚನಗಳನ್ನು. ಕಲಿತ ಮಕ್ಕಳಿಗೆ ವ್ಯತ್ಯಾಸ ಕಾಣಲಿಲ್ಲ. ಎರಡನೆಯವರಂಥವರ ಸುದ್ದಿ ಬಂದಾಗ ನಾವು ಹೆಚ್ಚು ಎಚ್ಚರದಿಂದಿರಬೇಕು ತಾಯಿ, ಏಕೆಂದರೆ ಇವರು ಕೇಳುವವರಲ್ಲ. ಮಕ್ಕಳ ಮುಂದೆಯೂ ಕೈಚಾಚದವರು ಸಹಪಾಠಿಗಳ ಮುಂದೆ ಚಾಚುತ್ತಾರೆಯೇ. ಕೊಡುವುದನ್ನು ಅವರ ಮರ್ಯಾದೆಗೆ ಕುಂದು ಬಾರದ ಹಾಗೆ ಕೊಡುವ ನಾಜೂಕು ನಮಗೆ ಬರಲಿ. ನಮ್ಮಲ್ಲೊಬ್ಬರು ತಮ್ಮ ಊರಿನ ಮಕ್ಕಳಿಗೆ ಭಾನುವಾರ ಹಳಗನ್ನಡ ಓದಿಸಲು ಅವರನ್ನು ಕರೆಸಿಕೊಳ್ಳುತ್ತಾರೆ, ಓದಿಸಿದ್ದಕ್ಕೆ ಸಂಭಾವನೆ ಕೊಡುತ್ತಾರೆ. ಪಾಠ ನಿಜ, ಸಂಭಾವನೆಯೂ ನಿಜ. ಅಂಥ ದಾರಿಗಳು ನಮಗೆ ಇನ್ನಷ್ಟು ಹೊಳೆಯಲಿ.

ಕಿವಿ ಕೇಳದವರಿಗಾಗಿ ಬೇಡುತ್ತೇನೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಲು ಯಾರೂ ನಾಚುವುದಿಲ್ಲ, ಕಿವಿಗೆ ಯಂತ್ರ ಹಾಕಿಕೊಳ್ಳಲು ಮಾತ್ರ ಹಿಂಜರಿಯುತ್ತಾರೆ. ಕೇಳಿಸದವರು ಮೊದಲು ಸಭೆಗೆ ಹೋಗುವುದು ಬಿಡುತ್ತಾರೆ, ಆಮೇಲೆ ಫೋನು ಎತ್ತುವುದು ಬಿಡುತ್ತಾರೆ, ಕೊನೆಗೆ ಮನೆಯವರ ನಡುವೆಯೂ ಒಬ್ಬರೇ ಆಗುತ್ತಾರೆ. 'ಅವರು ಯಾಕೋ ಮುಂಚಿನ ಹಾಗಿಲ್ಲ, ಮಾತೇ ಆಡುವುದಿಲ್ಲ' ಎಂಬ ಸುದ್ದಿ ಬಂದಾಗ ಅದು ಮುನಿಸೋ ಕಿವಿಯೋ ಎಂದು ಹೋಗಿ ನೋಡುವ ಬುದ್ಧಿ ಕೊಡು. ನಾವು ಓದುವಾಗ ಗಂಗೋತ್ರಿಯಲ್ಲೇ ವಾಕ್ ಶ್ರವಣ ಸಂಸ್ಥೆಯಿತ್ತು, 1965ರಲ್ಲಿ ಶುರುವಾದದ್ದು. ಅದರ ಮುಂದೆ ಹರಟುತ್ತ ಓಡಾಡಿದ ನಮ್ಮಲ್ಲೇ ಹಲವರು ಈಗ ಅಲ್ಲಿಗೆ ಶ್ರವಣ ಪರೀಕ್ಷೆಗೆ ಹೋಗುತ್ತಾರೆ. ಹೊಸದಾಗಿ ಯಂತ್ರ ಹಾಕಿಕೊಂಡವರಿಗೆ ಪಾತ್ರೆಯ ಸದ್ದು, ಫ್ಯಾನಿನ ಸದ್ದು ಎಲ್ಲ ಒಟ್ಟಿಗೆ ನುಗ್ಗಿ ತಲೆ ಸಿಡಿಯುತ್ತದಂತೆ. ಒಗ್ಗಿಕೊಳ್ಳಲು ವಾರಗಳು ಬೇಕು. ಆ ವಾರಗಳಲ್ಲಿ ಬೇಸರಿಸಿ ಪೆಟ್ಟಿಗೆಯೊಳಗಿಟ್ಟು ಮುಚ್ಚದ ಹಾಗೆ ಪಕ್ಕದಲ್ಲಿ ಕೂತು ನಿಧಾನವಾಗಿ ಮಾತಾಡುವವರು ಅವರಿಗೆ ಸಿಗಲಿ.

ಹೆಣ್ಣುಮಕ್ಕಳ ಸುದ್ದಿ ಎಲ್ಲಕ್ಕಿಂತ ತಡವಾಗಿ ಬರುತ್ತದೆ. ಇದನ್ನು ನಾನು ನಿನ್ನ ಹತ್ತಿರವೇ ಹೇಳಬೇಕು. ಹುಡುಗರು ಒಬ್ಬರ ಕಾಲೇಜು ಇನ್ನೊಬ್ಬರಿಗೆ ಗೊತ್ತಿದ್ದವರು, ಮೌಲ್ಯಮಾಪನಕ್ಕೆ ಬಂದಾಗ ಸಿಕ್ಕವರು, ಸಾಹಿತ್ಯ ಸಮ್ಮೇಳನದ ಊಟದ ಸಾಲಿನಲ್ಲಿ ಎದುರಾದವರು. ನಮ್ಮ ಬೆಂಚಿನವರು ಮದುವೆಯಾದ ಕೂಡಲೇ ಹೆಸರಿನ ಮುಂದಿನ ಅಕ್ಷರ ಬದಲಾಯಿಸಿಕೊಂಡು, ಗಂಡನ ಊರಿಗೆ ಹೋಗಿ, ವಿಳಾಸವೇ ಇಲ್ಲದವರಾದರು. ರ‍್ಯಾಂಕು ಬಂದಿದ್ದ ಒಬ್ಬಳು ಭಿಲಾಯಿಯ ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿಗೆ ಹೋದವಳು ಎಷ್ಟೋ ವರ್ಷ ಯಾರಿಗೂ ಸಿಗಲಿಲ್ಲ. ಅಲ್ಲಿ ಕನ್ನಡ ಓದುವುದಕ್ಕೆ ಯಾರೂ ಇರಲಿಲ್ಲ. ಈಗ ಕ್ಯಾಲಿಫೋರ್ನಿಯಾದಲ್ಲಿ ಮಗಳ ಮನೆಯಲ್ಲಿ ವರ್ಷಕ್ಕೆ ಆರು ತಿಂಗಳು ಇರುತ್ತಾಳೆ, ಮೊಮ್ಮಕ್ಕಳನ್ನು ನೋಡಿಕೊಳ್ಳಲು. ಅವಳ ನಂಬರು ಸಿಕ್ಕಾಗ ನಾನು ಮೊದಲು ಕೇಳಿದ್ದು 'ಓದುತ್ತಿದ್ದೀಯೇನೇ' ಎಂದು. ಬಹಳ ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ 'ಯಾರ ಜೊತೆ ಓದಲಿ ಕಣೇ' ಎಂದಳು.

ಅಂದಿನಿಂದ ಶನಿವಾರ ನಮ್ಮ ಬೆಳಿಗ್ಗೆ, ಅವಳ ಶುಕ್ರವಾರದ ರಾತ್ರಿ, ಇಬ್ಬರೂ ಫೋನಿನಲ್ಲಿ ಗದುಗಿನ ಭಾರತ ಓದುತ್ತೇವೆ. ಪದ್ಯ ನಾನು ಓದುತ್ತೇನೆ, ಅನ್ವಯ ಅವಳು ಮಾಡುತ್ತಾಳೆ. ಅವಳ ತಲೆ ಎಷ್ಟು ಹರಿತವಾಗಿದೆ ಎಂದರೆ, ಐವತ್ತು ವರ್ಷ ಅದು ಯಾವ ಕೆಲಸಕ್ಕೂ ಕರೆಸಿಕೊಳ್ಳದೆ ಹೀಗೆಯೇ ಕಾದಿತ್ತಲ್ಲ ಎಂದು ಸಂಕಟವಾಗುತ್ತದೆ. ಅವಳಂಥವರು ಇನ್ನೂ ಎಲ್ಲೆಲ್ಲಿದ್ದಾರೋ ತಾಯಿ. ಸೊಸೆ, ಅತ್ತೆ, ಅಜ್ಜಿ ಎಂಬ ಕರೆಗಳ ಹಿಂದೆ ಸೇರಿಹೋದ ನನ್ನ ಗೆಳತಿಯರನ್ನೆಲ್ಲ ಅವರ ಸ್ವಂತ ಹೆಸರು ಹಿಡಿದು ಕೂಗುವ ದನಿ ಅವರ ಕಿವಿಗೆ ಬೀಳಲಿ.

ಈಗ ಕಷ್ಟದ ಬೇಡಿಕೆಗೆ ಬರುತ್ತೇನೆ. ನಾವು ಸೇರಿದ ವರ್ಷ ನವೆಂಬರಿನಲ್ಲಿ, ದೇವರಾಜ ಅರಸರ ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದ ಬಹುಪಾಲನ್ನು ಬೂಸಾ ಎಂದರು. ಊರು ಹೊತ್ತಿ ಉರಿಯಿತು. ವಿದ್ಯಾರ್ಥಿಗಳು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳ ಮೇಲೆ ಏಟು ಬಿತ್ತು, ಕೊನೆಗೆ ಸಚಿವರು ರಾಜೀನಾಮೆ ಕೊಡಬೇಕಾಯಿತು. ಆ ಹೊಡೆತ ತಿಂದವರಲ್ಲಿ ನಮ್ಮ ಕ್ಲಾಸಿನವರೊಬ್ಬರಿದ್ದರು, ನಂಜನಗೂಡಿನ ಕಡೆಯವರು. ಹೊಡೆಯಲು ಹೋದ ಗುಂಪಿನಲ್ಲೂ ನಮ್ಮ ಕ್ಲಾಸಿನವರೊಬ್ಬರಿದ್ದರು. ಮುಂದಿನ ತಿಂಗಳು ಇಬ್ಬರೂ ಮತ್ತೆ ಅದೇ ಕೋಣೆಯಲ್ಲಿ ಕೂತು ಛಂದಸ್ಸಿನ ಪಾಠ ಕೇಳಿದರು. ಪರೀಕ್ಷೆ ಬರೆದರು, ಹೋದರು. ಅಂದಿನಿಂದ ಮಾತಿಲ್ಲ.

ಎರಡನೆಯವರಿಗೆ ಈಗ ಮೂತ್ರಪಿಂಡ ಸೋತಿದೆ. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಡಯಾಲಿಸಿಸ್. ಈ ಸುದ್ದಿಯನ್ನು ನಂಜನಗೂಡಿನವರಿಗೆ ನಾನೇ ಹೇಳಿದೆ. ಅವರು ಸ್ವಲ್ಪ ಸುಮ್ಮನಿದ್ದು, 'ಕೈಗೆ ಸೂಜಿ ಚುಚ್ಚುವ ಜಾಗ ಬಾತುಕೊಳ್ಳುತ್ತದೆ, ನನ್ನ ತಮ್ಮನಿಗೂ ಮಾಡಿಸುತ್ತಿದ್ದೆವು, ಆ ಕೈಯಲ್ಲಿ ಭಾರ ಎತ್ತಬಾರದು ಎಂದು ಹೇಳಿ' ಎಂದರು. ಅಷ್ಟೇ. ನೋಡಲು ಹೋಗುತ್ತೀರಾ ಎಂದು ನಾನು ಕೇಳಲಿಲ್ಲ.

ಇಲ್ಲಿ ನನ್ನ ನಾಲಿಗೆಯನ್ನು ಹಿಡಿದಿರು ತಾಯಿ. ವಯಸ್ಸಾಯಿತಲ್ಲ, ಹಳೆಯದೆಲ್ಲ ಮರೆತುಬಿಡಿ ಎಂದು ಏಟು ತಿಂದವರಿಗೆ ಉಪದೇಶ ಮಾಡುವ ಹಕ್ಕು ನನಗಿಲ್ಲ. ಮರೆಯುವುದೂ ಬಿಡುವುದೂ ಅವರಿಗೆ ಸೇರಿದ್ದು. ನಾನು ಬೇಡುವುದು ಇನ್ನೊಬ್ಬರಿಗಾಗಿ. ಆಡಬೇಕಾದ ಒಂದು ಮಾತು ಅವರ ಬಾಯಿಂದ ಹೊರಡುವಷ್ಟು ದಿನ ಅವರನ್ನು ಉಳಿಸಿಕೊಡು. ಆ ಮಾತನ್ನು ಕಟ್ಟಿಕೊಂಡೇ ಅವರು ಹೋಗದಿರಲಿ. ಆಡಿದ ಮೇಲೆ ಉತ್ತರ ಏನು ಬಂದರೂ ತಲೆಬಾಗಿ ಕೇಳುವ ವಿನಯ ಅವರಿಗೆ ಬರಲಿ. ನಡುವೆ ನಿಂತ ನನಗೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೆಚ್ಚುಕಡಿಮೆ ಮಾಡದೆ ಮುಟ್ಟಿಸುವ ಪ್ರಾಮಾಣಿಕತೆ ಇರಲಿ.

ಮರೆವಿನ ಕಾಯಿಲೆಯವರೊಬ್ಬರು ನಮ್ಮಲ್ಲಿದ್ದಾರೆ. ನಿಮ್ಹಾನ್ಸ್‌ನಲ್ಲಿ ತೋರಿಸಿದ್ದಾಯಿತು, ಮಾತ್ರೆಯಿಂದ ಹಿಂದಿನಂತಾಗುವ ಕಾಯಿಲೆ ಅದಲ್ಲ ಎಂದು ಮನೆಯವರಿಗೆ ತಿಳಿದಿದೆ. ಅವರ ವಿಷಯ ಬಂದಾಗಲೆಲ್ಲ ನಾವು ಕೇಳುವುದು 'ಈಗ ಗುರುತು ಹಿಡಿಯುತ್ತಾರಾ' ಎಂದು. ಅವರ ಹೆಂಡತಿ ಹೇಗಿದ್ದಾರೆ ಎಂದು ಯಾರೂ ಕೇಳುವುದಿಲ್ಲ, ಆಕೆ ನಮ್ಮ ಸಹಪಾಠಿಯಲ್ಲವಲ್ಲ. ರಾತ್ರಿ ಎದ್ದು ಬಾಗಿಲು ತೆಗೆದು ಹೊರಟುಬಿಡುತ್ತಾರೆಂದು ಆ ತಾಯಿ ಅವರ ಪಂಚೆಯ ಚುಂಗನ್ನು ತಮ್ಮ ಸೆರಗಿಗೆ ಗಂಟುಹಾಕಿಕೊಂಡು ಮಲಗುತ್ತಾರೆ. ಎಳೆದರೆ ಎಚ್ಚರವಾಗುತ್ತದೆ. ಆಕೆಗೂ ಅರವತ್ತೆಂಟು. ಬಿ.ಪಿ. ಇದೆ. ಮದುವೆಯಾದಂದು ಹಾಕಿದ ಗಂಟು ಇದು ಎಂದು ಯಾರಾದರೂ ಹೊಗಳಿದರೆ ಆಕೆಗೆ ನಿದ್ದೆ ಬರುವುದಿಲ್ಲ. ನಿದ್ದೆ ಬರಬೇಕಾದರೆ ಒಂದು ರಾತ್ರಿ ಯಾರಾದರೂ ಆ ಮನೆಯಲ್ಲಿ ಎಚ್ಚರವಿರಬೇಕು. ನಮ್ಮಲ್ಲಿ ಕೈಕಾಲು ಗಟ್ಟಿಯಿರುವವರು ಸರದಿಯ ಮೇಲೆ ಹೋಗಿ ಹಗಲಿನಲ್ಲಾದರೂ ನಾಲ್ಕು ಗಂಟೆ ಕೂತುಬರುವಂತೆ ಮಾಡು. ಸಹಪಾಠಿಗಳನ್ನು ಕಾಯುವ ಎಲ್ಲರನ್ನೂ, ಹೆಂಡತಿ, ಗಂಡ, ಮಗಳು, ಸೊಸೆ, ಸಂಬಳಕ್ಕೆ ಬರುವ ಹುಡುಗಿ, ಎಲ್ಲರನ್ನೂ ನಮ್ಮ ಕ್ಲಾಸಿನ ಹಾಜರಿ ಪುಸ್ತಕಕ್ಕೆ ಸೇರಿಸಿಕೋ.

ಸಂತೋಷದ ಸುದ್ದಿಯನ್ನು ಮುಚ್ಚಿಟ್ಟರೆ ನಿನಗೆ ನಾನು ಅರ್ಧ ಲೆಕ್ಕ ಒಪ್ಪಿಸಿದ ಹಾಗಾಗುತ್ತದೆ. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದ ಒಬ್ಬರು ನಾಗಮಂಗಲದ ಹಳ್ಳಿಗೆ ಮರಳಿ, ಓದುವಾಗ ಅರ್ಧಕ್ಕೆ ಬಿಟ್ಟ ಶಾಸನಶಾಸ್ತ್ರವನ್ನು ಕೈಗೆತ್ತಿಕೊಂಡಿದ್ದಾರೆ. ಕೆರೆ ಏರಿ, ಹಾಳು ಗುಡಿ, ಹೊಲದ ಬದು ಹುಡುಕಿಕೊಂಡು ಹೋಗುತ್ತಾರೆ. ನಾನೊಮ್ಮೆ ಕಂಡೆ. ವೀರಗಲ್ಲನ್ನು ನೀರು ಹಾಕಿ ಬ್ರಷ್ಷಿನಿಂದ ತಿಕ್ಕಿ ಪಾಚಿ ತೆಗೆದರು. ನೆನೆಸಿದ ಕಾಗದ ಹಾಸಿ, ಗಾಳಿ ಉಳಿಯದಂತೆ ಬ್ರಷ್ಷಿನಿಂದ ಮೆಲ್ಲಗೆ ತಟ್ಟಿ ತಟ್ಟಿ ಅಕ್ಷರದ ಕುಳಿಯೊಳಗೆ ಇಳಿಸಿದರು. ಅರೆ ಒಣಗಿದಾಗ ಮಸಿಯ ಗುಬಟನ್ನು ಒತ್ತುತ್ತ ಬಂದರು. ಕಪ್ಪಿನ ನಡುವೆ ಬೆಳ್ಳಗೆ ಒಂದೊಂದೇ ಅಕ್ಷರ ಎದ್ದಿತು. ತುರು ಕಳವಾದಾಗ ಹೋರಾಡಿ ಸತ್ತ ಯಾರೋ ಒಬ್ಬನ ಕಲ್ಲು. ಊರಿನ ಹುಡುಗರು ಸುತ್ತ ಕೂತಿದ್ದರು; ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಮೇಲೆ ತಮ್ಮೂರಿನ ಹೆಸರಿದೆ ಎಂದು ಕಂಡು ಅವರ ಬಾಯಿ ತೆರೆದಂತೆಯೇ ಇತ್ತು. ಮಂಡಿನೋವಿನ ಆ ಮನುಷ್ಯ ನೆಲದ ಮೇಲೆ ಕೂತೇ ನಾಲ್ಕು ಗಂಟೆ ಕೆಲಸ ಮಾಡಿದರು. ಅವರ ಮಂಡಿಯನ್ನು ಇನ್ನು ಕೆಲವು ತಾಲ್ಲೂಕು ಮುಗಿಯುವವರೆಗೆ ಕಾಪಾಡು.

ಹೋದವರನ್ನು ನೆನೆಯುತ್ತೇನೆ. ಮೊದಲು ಹೋದವರು ಕೆಲಸಕ್ಕೆ ಸೇರಿದ ಹೊಸದರಲ್ಲೇ ಹೋದರು. ಅವರಿಗೆ ನಮ್ಮ ಮನಸ್ಸಿನಲ್ಲಿ ಇನ್ನೂ ಇಪ್ಪತ್ತಾರು. ಆಮೇಲೆ ಹೋದವರನ್ನು ಹೊತ್ತು ಸಾಗಿಸಲು ಸಹಪಾಠಿಗಳ ಹೆಗಲಿತ್ತು. ಕೊರೋನಾ ಹಾವಳಿಯ 2021ರ ಮೇ ತಿಂಗಳಲ್ಲಿ ಹೋದವರಿಗೆ ಅದೂ ಇರಲಿಲ್ಲ. ಆಸ್ಪತ್ರೆಯ ಬಾಗಿಲಿಗೂ ನಮ್ಮನ್ನು ಬಿಡಲಿಲ್ಲ, ಮುಖವನ್ನೂ ನೋಡಲಾಗಲಿಲ್ಲ. ಮಾಡಬೇಕಾದುದನ್ನು ಮಾಡಲಾಗದೆ ಉಳಿದ ಆ ಋಣವನ್ನು ಅವರ ಮನೆಯವರಿಗೆ ತೀರಿಸುವ ಅವಕಾಶ ಕೊಡು. ನಾವೆಲ್ಲ ಯಾವ ಸರದಿಯಲ್ಲಿ ಹೋಗಬೇಕೋ ಅದನ್ನು ಕೇಳುವುದಿಲ್ಲ. ಹೋದಾಗ ಹಿಂದೆ ಉಳಿದವರಿಗೆ ಕಾಗದ ಎಲ್ಲಿದೆ ಎಂದು ತಿಳಿದಿರಲಿ.

ಹೌದು ತಾಯಿ, ಕಾಗದ. ಇದನ್ನು ನಿನ್ನ ಮುಂದೆ ಹೇಳಲು ನನಗೆ ಸಂಕೋಚವಿಲ್ಲ. ಮನೆಯ ಒಲೆ ಉರಿಯುವುದು ನಿನಗೂ ಬೇಕಾದದ್ದೇ. ಗಂಡ ತೀರಿಕೊಂಡ ಮೇಲೆ ಹೆಂಡತಿಗೆ ಕುಟುಂಬ ಪಿಂಚಣಿ ಬರುತ್ತದೆ, ಕೊನೆಯ ಮೂಲವೇತನದ ಶೇ. 30ರಷ್ಟು. ಅದಕ್ಕೆ ಪಿಂಚಣಿ ಪಾವತಿ ಆದೇಶದ ಪುಸ್ತಕ ಬೇಕು, ಅದರಲ್ಲಿ ಹೆಂಡತಿಯ ಹೆಸರು ಆಧಾರಿನಲ್ಲಿರುವ ಹಾಗೆಯೇ ಇರಬೇಕು, ಮರಣ ಪ್ರಮಾಣಪತ್ರ ಬೇಕು. ಮರಣವನ್ನು 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲದೆ ಆಗುತ್ತದೆ. ದುಃಖದ ಮನೆಯಲ್ಲಿ ಇದನ್ನೆಲ್ಲ ನೆನಪಿಡುವವರು ಯಾರು. ಎಷ್ಟೋ ಮನೆಗಳಲ್ಲಿ ಆ ಪುಸ್ತಕ ಯಾವ ಟ್ರಂಕಿನಲ್ಲಿದೆ ಎಂಬುದೇ ಹೆಂಡತಿಗೆ ಗೊತ್ತಿರುವುದಿಲ್ಲ. ಪುಸ್ತಕದಲ್ಲಿ 'ಲಕ್ಷ್ಮಮ್ಮ' ಎಂದಿದ್ದರೆ ಆಧಾರಿನಲ್ಲಿ 'ಲಕ್ಷ್ಮೀದೇವಮ್ಮ' ಎಂದಿರುತ್ತದೆ. ಬದುಕಿರುವಾಗಲೇ ಒಂದು ಮಧ್ಯಾಹ್ನ ಕೂತು ಇವನ್ನೆಲ್ಲ ಒಂದು ಫೈಲಿನಲ್ಲಿಟ್ಟು ಹೆಂಡತಿಯ ಕೈಗೋ ಗಂಡನ ಕೈಗೋ ಕೊಡುವುದು ಪ್ರೀತಿಯ ಕೆಲಸ ಎಂದು ನಮ್ಮವರಿಗೆಲ್ಲ ಮನಸ್ಸಿಗೆ ಬರಲಿ. ಸಾವಿನ ಮಾತು ಅಪಶಕುನ ಎಂದು ತಳ್ಳದಿರಲಿ.

ಈಗ ನಿನ್ನಲ್ಲಿ ಒಟ್ಟಾಗಿ ಬೇಡುತ್ತೇನೆ. ಯಾರದಾದರೂ ಸುದ್ದಿ ಬಹಳ ದಿನದಿಂದ ಬರದಿದ್ದರೆ, ಬರದಿರುವುದೇ ಒಂದು ಸುದ್ದಿ ಎಂದು ನನಗೆ ಅನ್ನಿಸಲಿ, ನಾನೇ ಫೋನು ಮಾಡಲಿ. ನೋಡಲು ಹೋದಾಗ ನನ್ನ ಕಾಯಿಲೆಯ ಪುರಾಣ ಬಿಚ್ಚದೆ ಅವರದನ್ನು ಕೇಳುವ ತಾಳ್ಮೆ ಕೊಡು. ಹಣ್ಣು ಕೊಟ್ಟು ಹತ್ತು ನಿಮಿಷಕ್ಕೆ ಎದ್ದು ಬರುವ ಅವಸರ ಬೇಡ. ಗೆದ್ದವರ ಮುಂದೆ ಹೊಟ್ಟೆಕಿಚ್ಚು, ಸೋತವರ ಮುಂದೆ ಸಮಾಧಾನ, ಈ ಎರಡೂ ಈ ವಯಸ್ಸಿಗೆ ಶೋಭೆಯಲ್ಲ. ನನ್ನಲ್ಲಿ ಉಳಿದಿದ್ದರೆ ತೊಳೆದುಹಾಕು. ನಾವು ಏನೇನೋ ಆಗುವ ಮುಂಚೆ ನಮ್ಮನ್ನು ಬಲ್ಲವರು ಸಹಪಾಠಿಗಳು. ಹುದ್ದೆ ಹೋದ ಮೇಲೆ, ಮಕ್ಕಳು ದೂರವಾದ ಮೇಲೆ, ಗಂಡನೋ ಹೆಂಡತಿಯೋ ಮುಂಚೆ ಹೋದ ಮೇಲೆ, ಅವರ ನೆನಪಿನಲ್ಲಿ ನಾವಿನ್ನೂ ಇದ್ದೇವೆ. ಒಬ್ಬರು ಹೋದಾಗ ನಮ್ಮೆಲ್ಲರ ಯೌವನದ ಒಬ್ಬ ಸಾಕ್ಷಿ ಹೋಗುತ್ತಾರೆ. ಹಾಗಾಗಿ ಅವರನ್ನು ನೋಡಿಕೊಳ್ಳುವುದು ಉಪಕಾರವಲ್ಲ, ನಮ್ಮದೇ ಮನೆಯ ಕೆಲಸ. ಈ ಮಾತು ನನಗೆ ದಿನವೂ ನೆನಪಿರಲಿ.

ಮೊನ್ನೆ ಹಾಸನದಿಂದ ಸುದ್ದಿ ಬಂದಿದೆ. ಪಿ.ಯು. ಕಾಲೇಜಿನಲ್ಲಿದ್ದ ನಮ್ಮ ಸಹಪಾಠಿ ನಿದ್ದೆಯಲ್ಲೇ ಹೋದರು. ಮಗ ಹೊರದೇಶದಿಂದ ಬಂದು ಕಾರ್ಯ ಮುಗಿಸಿ ಹೊರಡುವ ಗಡಿಬಿಡಿಯಲ್ಲಿದ್ದಾನೆ. ಅವರ ಹೆಂಡತಿಗೆ ಪಿಂಚಣಿಯ ಪುಸ್ತಕ ಸಿಕ್ಕಿಲ್ಲ, ಖಜಾನೆ ಎಲ್ಲಿದೆ ಎಂದೂ ಗೊತ್ತಿಲ್ಲ. ಬುಧವಾರ ಬೆಳಗಿನ ಬಸ್ಸಿಗೆ ನಾನೂ ನನ್ನ ಬೆಂಚಿನ ಗೆಳತಿಯೂ ಹೊರಡುತ್ತೇವೆ. ಟ್ರಂಕುಗಳನ್ನೆಲ್ಲ ತೆಗೆದು ಹುಡುಕುತ್ತೇವೆ, ಅರ್ಜಿ ತುಂಬುತ್ತೇವೆ, ಆಕೆಯ ಜೊತೆ ಖಜಾನೆಯ ಸಾಲಿನಲ್ಲಿ ನಿಲ್ಲುತ್ತೇವೆ, ರಾತ್ರಿ ಅಲ್ಲೇ ಉಳಿದು ಒಂದು ಹೊತ್ತು ಅನ್ನ ಮಾಡಿ ಆಕೆಗೆ ಬಡಿಸುತ್ತೇವೆ. ಹೋಗಿ ಬರುವಷ್ಟು ಶಕ್ತಿ ಕೊಡು ತಾಯಿ. ಬಂದ ಮೇಲೆ ಮುಂದಿನ ಹೆಸರು ಹೇಳು.